ಹೃದಯ ವೈಫಲ್ಯದ ರೋಗಿಗೆ ‘ಗ್ಯಾಸ್ ಗುಳಿಗೆ’ ಕೊಡುವ ಮುನ್ನ: ವಾರ್ಡಿನ ಶುಶ್ರೂಷಕರಿಗೆ ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಯಾವ ಮೆಡಿಸಿನ್ ವಾರ್ಡಿಗೆ ಹೋದರೂ, ಹೃದಯ ವೈಫಲ್ಯಕ್ಕೆಂದು (ಹೃದಯ ಸಾಕಷ್ಟು ರಕ್ತ ಒತ್ತಲಾರದ ಸ್ಥಿತಿ) ದಾಖಲಾದ ರೋಗಿಯ ಚಾರ್ಟಿನಲ್ಲಿ ಹೃದಯದ ಐದಾರು ಔಷಧಿಗಳ ಜೊತೆಗೆ ಆಮ್ಲಕ್ಕೆಂದು ಬರೆದ ಒಂದು ಔಷಧಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೃದಯದ ಗುಳಿಗೆ ಕೊಡುವಾಗ ನಾಡಿ ಹಿಡಿದು, ಬಿ.ಪಿ. ನೋಡಿ, ಎರಡು ಸಲ ಯೋಚಿಸುವ ನಾವು ಆಮ್ಲದ ಗುಳಿಗೆಯನ್ನು ಮಾತ್ರ ಯಾವ ಪ್ರಶ್ನೆಯೂ ಇಲ್ಲದೆ ರೋಗಿಯ ಅಂಗೈಗೆ ಹಾಕುತ್ತೇವೆ. ರೋಗಿಯೂ ಅದನ್ನು ಔಷಧಿಯೆಂದು ಎಣಿಸುವುದಿಲ್ಲ. ಏನೇನು ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಬಿ.ಪಿ.ಯದು, ಸಕ್ಕರೆಯದು, ನೀರಿನದು ಎಂದು ಹೇಳಿ ಮುಗಿಸುತ್ತಾರೆ, ‘ಗ್ಯಾಸಿಂದು?’ ಎಂದು ಬಿಡಿಸಿ ಕೇಳಿದಾಗಲೇ ‘ಅದನ್ನ ದಿನಾ ತಗೋತೀನ್ರಿ, ಅದೇನು ಲೆಕ್ಕಕ್ಕ?’ ಎಂಬ ಉತ್ತರ ಬರುತ್ತದೆ. ಆ ಗುಳಿಗೆಯನ್ನೂ ಲೆಕ್ಕಕ್ಕೆ ತಂದು, ಎರಡೂ ಕಾಯಿಲೆಗಳ ಔಷಧಿಗಳನ್ನು ಒಟ್ಟಿಗೆ ಓದಿ ಕೊಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿರುವ ಅಂಕಿಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ಚಿಕಿತ್ಸೆ ನೀಡುತ್ತಿರುವ ವೈದ್ಯರು ಒಬ್ಬ ರೋಗಿಗೆಂದೇ ಬೇರೆ ಮಿತಿಯನ್ನು ಬರೆದಿದ್ದರೆ ಅದನ್ನೇ ಪಾಲಿಸಬೇಕು.

ಹೃದಯದ ಔಷಧಿ: ಕೊಡುವ ಮುನ್ನ ನೋಡಬೇಕಾದ ಅಂಕಿಗಳು

ಮೊದಲನೆಯದು ತೂಕ. ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುನ್ನ, ಅದೇ ಯಂತ್ರದ ಮೇಲೆ, ಹೆಚ್ಚೂ ಕಡಿಮೆ ಅಷ್ಟೇ ಬಟ್ಟೆಯಲ್ಲಿ ತೂಗಬೇಕು. ಮೂರು ದಿನಗಳಲ್ಲಿ 2 ಕೆ.ಜಿ.ಗಿಂತ ಹೆಚ್ಚು ಏರಿದ್ದರೆ ಅದು ಉಂಡ ಅನ್ನದ ತೂಕವಲ್ಲ, ಮೈಯಲ್ಲಿ ನಿಂತ ನೀರಿನ ತೂಕ. ಕಾಲು ಬಾವು ಕಣ್ಣಿಗೆ ಕಾಣುವ ಮೊದಲೇ ತೂಕ ಏರಿರುತ್ತದೆ. ಗಂಟೆಗಟ್ಟಲೆ ಕುಳಿತು ಬರೆಯುವ ನೀರಿನ ಒಳಹರಿವು–ಹೊರಹರಿವಿನ ಪಟ್ಟಿಗಿಂತ ಈ ಒಂದು ಅಂಕಿಯನ್ನು ನಾನು ಹೆಚ್ಚು ನಂಬುತ್ತೇನೆ. ಏಕೆಂದರೆ ಮನೆಯವರು ಚೊಂಬಿನಲ್ಲಿ ಕುಡಿಸಿದ ನೀರು, ಶೌಚಾಲಯದಲ್ಲಿ ಅಳೆಯದೆ ಹೋದ ಮೂತ್ರ ಎರಡೂ ಆ ಪಟ್ಟಿಗೆ ಬರುವುದಿಲ್ಲ.

ಫ್ಯುರೋಸೆಮೈಡ್, ಟಾರ್ಸೆಮೈಡ್‌ಗಳನ್ನು ನಮ್ಮ ರೋಗಿಗಳು ‘ನೀರಿನ ಗುಳಿಗೆ’ ಎನ್ನುತ್ತಾರೆ. ಬಾಯಿಂದ ಕೊಟ್ಟ ಫ್ಯುರೋಸೆಮೈಡ್ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಆರರಿಂದ ಎಂಟು ಗಂಟೆ ನಡೆಸುತ್ತದೆ. ನರದಿಂದ ಕೊಟ್ಟರೆ ಐದು ನಿಮಿಷದಲ್ಲೇ ಆರಂಭವಾಗುತ್ತದೆ. 20ರಿಂದ 40 ಮಿ.ಗ್ರಾಂ. ಇಂಜೆಕ್ಷನ್ನನ್ನು ಒಂದೆರಡು ನಿಮಿಷಗಳಲ್ಲಿ ನಿಧಾನವಾಗಿ ಕೊಡಬೇಕು. ದೊಡ್ಡ ಪ್ರಮಾಣವಾದರೆ ನಿಮಿಷಕ್ಕೆ 4 ಮಿ.ಗ್ರಾಂ. ಮೀರದಂತೆ ಹರಿಸಬೇಕು. ಗಡಿಬಿಡಿಯಲ್ಲಿ ಒತ್ತಿದರೆ ಕಿವಿಯಲ್ಲಿ ಗುಂಯ್‌ಗುಡುವುದು, ಕೇಳಿಸದಂತಾಗುವುದು ಆಗಬಹುದು. ಅದೇ ರೋಗಿಗೆ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಕಿವಿಗೂ ಮೂತ್ರಪಿಂಡಕ್ಕೂ ಅಪಾಯ ಹೆಚ್ಚುವುದರಿಂದ ವೈದ್ಯರ ಗಮನಕ್ಕೆ ತರಬೇಕು. ಬೆರೆಸಬೇಕಾದಾಗ ನಾರ್ಮಲ್ ಸಲೈನ್ ಬಳಸಬೇಕು. ಗ್ಲೂಕೋಸ್ ದ್ರಾವಣ ಆಮ್ಲೀಯವಾದುದರಿಂದ ಅದರಲ್ಲಿ ಔಷಧಿ ಗಟ್ಟಿಯಾಗಿ ಕೆಳಗೆ ಕೂರಬಹುದು. ಈ ಔಷಧಿ ಮೂತ್ರದ ಜೊತೆಗೆ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂಗಳನ್ನೂ ಹೊರಗೆ ಹಾಕುತ್ತದೆ ಎಂಬುದನ್ನು ಇಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಆಮ್ಲದ ಗುಳಿಗೆಯ ವಿಷಯ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಮೆಟೊಪ್ರೊಲಾಲ್ ಸಕ್ಸಿನೇಟ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್‌ಗಳಂಥ ಹೃದಯದ ಬಡಿತ ಇಳಿಸುವ ಬೀಟಾ ಬ್ಲಾಕರ್‌ಗಳನ್ನು ಕೊಡುವ ಮೊದಲು ನಾಡಿಯನ್ನೂ ರಕ್ತದೊತ್ತಡವನ್ನೂ ನೋಡಬೇಕು. ನಾಡಿ 50ಕ್ಕಿಂತ ಕಡಿಮೆ ಇದ್ದರೆ, ಅಥವಾ 60ರ ಒಳಗಿದ್ದು ತಲೆಸುತ್ತು, ಕಣ್ಣು ಕತ್ತಲೆ, ಅತಿಯಾದ ಸುಸ್ತು ಇದ್ದರೆ, ಗುಳಿಗೆಯನ್ನು ತಡೆದು ವೈದ್ಯರನ್ನು ಕೇಳಬೇಕು. ಕಾರ್ವೆಡಿಲಾಲನ್ನು ಊಟ ಅಥವಾ ತಿಂಡಿಯ ಜೊತೆಗೇ ಕೊಡಬೇಕು; ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಎದ್ದು ನಿಂತಾಗ ಬಿ.ಪಿ. ಕುಸಿಯುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್ ಗುಳಿಗೆಯನ್ನು ಗೆರೆ ಇರುವಲ್ಲಿ ಅರ್ಧ ಮಾಡಬಹುದು, ಆದರೆ ಕುಟ್ಟಿ ಪುಡಿ ಮಾಡಿ ನಳಿಕೆಯಲ್ಲಿ ಹಾಕಬಾರದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಬರುವ ಎದೆಬಡಿತ, ಕೈನಡುಕಗಳನ್ನು ಈ ಔಷಧಿಗಳು ಮರೆಮಾಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಇವುಗಳನ್ನು ಒಮ್ಮೆಲೇ ನಿಲ್ಲಿಸಬಾರದು ಎಂಬುದನ್ನು ಮನೆಯವರಿಗೂ ಹೇಳಬೇಕು.

ರಾಮಿಪ್ರಿಲ್, ಎನಲಾಪ್ರಿಲ್, ಟೆಲ್ಮಿಸಾರ್ಟನ್, ಸಕ್ಯುಬಿಟ್ರಿಲ್–ವಾಲ್ಸಾರ್ಟನ್ ಹಾಗೂ ಸ್ಪೈರೊನೊಲ್ಯಾಕ್ಟೋನ್‌ಗಳು ಫ್ಯುರೋಸೆಮೈಡಿಗೆ ವಿರುದ್ಧವಾಗಿ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತವೆ. ಪ್ರಾರಂಭಿಸಿದ ಒಂದೆರಡು ವಾರಗಳಲ್ಲಿ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯೇ ಎಂದು ನೋಡಬೇಕು. ಪೊಟ್ಯಾಸಿಯಂ 5.5 ದಾಟಿದ್ದರೆ ಮುಂದಿನ ಗುಳಿಗೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು. 6 ದಾಟಿದ್ದರೆ ಅದು ತುರ್ತು, ಇ.ಸಿ.ಜಿ. ಯಂತ್ರವನ್ನು ಹಾಸಿಗೆಯ ಪಕ್ಕಕ್ಕೆ ತರಬೇಕು. ರಾಮಿಪ್ರಿಲ್ ಗುಂಪಿನ (ರಾಮಿಪ್ರಿಲ್, ಎನಲಾಪ್ರಿಲ್ ಮುಂತಾದ) ಔಷಧಿಯಿಂದ ಸಕ್ಯುಬಿಟ್ರಿಲ್‌ಗೆ ಬದಲಿಸುವಾಗ ನಡುವೆ 36 ಗಂಟೆಗಳ ಅಂತರ ಕಡ್ಡಾಯ, ಇಲ್ಲದಿದ್ದರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರೇ ಕಟ್ಟಬಹುದು. ಹೊಸ ಔಷಧಿ ಇಂದು ಬರೆದಿದ್ದರೆ ಹಳೆಯ ಔಷಧಿಯ ಕೊನೆಯ ಗುಳಿಗೆ ಎಷ್ಟು ಗಂಟೆಗೆ ಹೋಗಿದೆ ಎಂದು ಹಿಂದಿನ ಪುಟ ತಿರುಗಿಸಿ ನೋಡುವುದು ನಮ್ಮದೇ ಕೆಲಸ. ಹೆರಿಗೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಈ ಔಷಧಿಗಳನ್ನು ಕೊಡುವ ಮುನ್ನ ಮುಟ್ಟು ತಪ್ಪಿದೆಯೇ ಎಂದು ಕೇಳಬೇಕು, ಏಕೆಂದರೆ ಇವು ಗರ್ಭಕ್ಕೆ ಹಾನಿಕರ.

ರಕ್ತದೊತ್ತಡದ ಬಗ್ಗೆ ಒಂದು ಮಾತು. ಹೃದಯ ವೈಫಲ್ಯದ ರೋಗಿಗೆ ಮೇಲಿನ ಬಿ.ಪಿ. 100ರ ಆಸುಪಾಸಿನಲ್ಲಿ ಇರುವುದು ಅಪರೂಪವಲ್ಲ. ತಲೆಸುತ್ತಿಲ್ಲದೆ, ಕೈಕಾಲು ಬೆಚ್ಚಗಿದ್ದು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಆ ಅಂಕಿ ಅವರಿಗೆ ಸಹಜವೇ ಆಗಿರಬಹುದು. 100 ಕಂಡ ಕೂಡಲೇ ಎಲ್ಲ ಗುಳಿಗೆಗಳನ್ನೂ ಬಿಟ್ಟು ಚಾರ್ಟಿನಲ್ಲಿ ಅಡ್ಡಗೆರೆ ಎಳೆಯುವ ಅಭ್ಯಾಸ ಸುರಕ್ಷತೆಯಂತೆ ಕಂಡರೂ ರೋಗಿಯ ಆಯುಷ್ಯವನ್ನು ಹೆಚ್ಚಿಸುವ ಔಷಧಿಯನ್ನೇ ತಪ್ಪಿಸಿದಂತಾಗುತ್ತದೆ. 90ಕ್ಕಿಂತ ಕಡಿಮೆ ಇದ್ದರೆ, ಅಥವಾ ಎಷ್ಟೇ ಇದ್ದರೂ ಲಕ್ಷಣಗಳಿದ್ದರೆ, ಕರೆದು ಕೇಳಿ, ಬಂದ ಉತ್ತರವನ್ನು ಬರೆದಿಡಬೇಕು.

ಡಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್ ಸಕ್ಕರೆ ಕಾಯಿಲೆಯ ಗುಳಿಗೆಗಳೆಂದೇ ಜನರಿಗೆ ಪರಿಚಿತ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಇವನ್ನು ಹೃದಯ ವೈಫಲ್ಯಕ್ಕಾಗಿ ದಿನಕ್ಕೆ 10 ಮಿ.ಗ್ರಾಂ. ಬರೆಯುತ್ತಾರೆ, ‘ನನಗ ಶುಗರ್ ಇಲ್ರಿ, ಇದ್ಯಾಕ?’ ಎಂದು ರೋಗಿ ಗುಳಿಗೆ ಬಿಟ್ಟುಬಿಡುವ ಮೊದಲೇ ಇದನ್ನು ತಿಳಿಸಬೇಕು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಜನನಾಂಗದಲ್ಲಿ ತುರಿಕೆ, ಬಿಳಿ ಪದರ ಕಾಣಿಸಬಹುದು. ಸಂಕೋಚದಿಂದ ಯಾರೂ ತಾವಾಗಿ ಹೇಳುವುದಿಲ್ಲ. ನಾವೇ ಪರದೆ ಎಳೆದು ಕೇಳಬೇಕು.

ಡಿಗಾಕ್ಸಿನ್ ಹಳೆಯ ಔಷಧಿಯಾದರೂ ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಇದಕ್ಕೆ ಮುಂಗೈ ನಾಡಿ ಸಾಲದು. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಾಳ ತಪ್ಪಿರುವುದು ಗೊತ್ತಾಗುವುದಿಲ್ಲ. 60ಕ್ಕಿಂತ ಕಡಿಮೆ ಇದ್ದರೆ ತಡೆದು ತಿಳಿಸಬೇಕು. ವಾರಕ್ಕೆ ಐದು ದಿನ ಮಾತ್ರ ಎಂದು ಬರೆದಿದ್ದರೆ ಕೊಡಬಾರದ ಎರಡು ದಿನ ಯಾವುವು ಎಂಬುದನ್ನು ಚಾರ್ಟಿನಲ್ಲೇ ಹೆಸರಿಸಿ ನಮೂದಿಸಿ. ರಕ್ತದಲ್ಲಿ ಇದರ ಮಟ್ಟ ಪರೀಕ್ಷಿಸುವುದಾದರೆ ಗುಳಿಗೆ ಕೊಟ್ಟು ಕನಿಷ್ಠ ಆರು ಗಂಟೆಗಳಾದ ಮೇಲೆ ರಕ್ತ ತೆಗೆಯಬೇಕು.

‘ಗ್ಯಾಸ್ ಆಗೈತ್ರಿ’ ಎಂದಾಗ

ಜೋಳದ ರೊಟ್ಟಿಗೆ ಕೆಂಪು ಹಿಂಡಿ, ಸಂಜೆಗೆ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ತಿನ್ನುವ ಸೀಮೆ ನಮ್ಮದು. ಎದೆಯುರಿ, ಹುಳಿತೇಗು ಇಲ್ಲಿ ನಿಜವಾಗಿಯೂ ಸಾಮಾನ್ಯ. ಅದೇ ಕಾರಣಕ್ಕೆ ಎದೆಯಿಂದ ಹೊಟ್ಟೆಯವರೆಗಿನ ಎಲ್ಲ ತೊಂದರೆಗೂ ‘ಗ್ಯಾಸ್’ ಎಂಬ ಒಂದೇ ಹೆಸರು ಬಿದ್ದಿದೆ. ಹೃದಯ ವೈಫಲ್ಯದ ರೋಗಿ ಈ ಮಾತು ಹೇಳಿದಾಗ ಚಾರ್ಟಿನಲ್ಲಿ ‘ಬೇಕಾದಾಗ ಆಂಟಾಸಿಡ್’ ಎಂದು ಬರೆದಿದ್ದರೂ ಬಾಟಲಿ ತೆರೆಯುವ ಮುನ್ನ ನಾಲ್ಕು ಸಂಗತಿಗಳನ್ನು ತಳ್ಳಿಹಾಕಬೇಕು.

ಮೊದಲು ಹೃದಯಾಘಾತ. ಹೃದಯದ ಕೆಳಭಾಗಕ್ಕೆ ರಕ್ತ ತಪ್ಪಿದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ, ವಾಕರಿಕೆಯೊಂದಿಗೆ ಬರಬಹುದು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಎದೆಹಿಂಡಿದಂಥ ನೋವೇ ಇಲ್ಲದಿರಬಹುದು. ತಣ್ಣನೆ ಬೆವರು, ಹೊಸದಾಗಿ ಬಂದ ದಮ್ಮು, ತೋಳಿಗೆ ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಹತ್ತು ನಿಮಿಷಗಳೊಳಗೆ ಇ.ಸಿ.ಜಿ. ಆಗಬೇಕು. ಆಂಟಾಸಿಡ್ ಕುಡಿದ ಮೇಲೆ ನೋವು ಇಳಿಯಿತು ಎಂಬುದರಿಂದ ಅದು ಹೊಟ್ಟೆಯದೇ ಎಂದು ಸಾಬೀತಾಗುವುದಿಲ್ಲ. ನಾಲಿಗೆ ಕೆಳಗೆ ಇಡುವ ಎದೆನೋವಿನ ಗುಳಿಗೆಯಿಂದ ಇಳಿಯಿತು ಎಂಬುದರಿಂದ ಅದು ಹೃದಯದ್ದೇ ಎಂದೂ ಆಗುವುದಿಲ್ಲ, ಏಕೆಂದರೆ ಆ ಗುಳಿಗೆ ಅನ್ನನಾಳದ ಸೆಳೆತವನ್ನೂ ಸಡಿಲಿಸುತ್ತದೆ.

ಎರಡನೆಯದು ಹೃದಯ ವೈಫಲ್ಯವೇ ಉಲ್ಬಣಿಸಿರುವುದು. ಯಕೃತ್ತಿನಲ್ಲಿ ರಕ್ತ ನಿಂತು ಊದಿದಾಗ ಬಲಪಕ್ಕೆಯ ಕೆಳಗೆ ಭಾರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಊಟ ಸೇರದಿರುವುದು ಕಾಣಿಸುತ್ತವೆ. ತೂಕದ ಪಟ್ಟಿಯನ್ನೂ ಕಾಲಿನ ಬಾವನ್ನೂ ನೋಡಿ. ಈ ‘ಗ್ಯಾಸಿ’ಗೆ ಬೇಕಾದದ್ದು ನೀರಿನ ಔಷಧಿ, ಆಮ್ಲದ್ದಲ್ಲ.

ಮೂರನೆಯದು ಡಿಗಾಕ್ಸಿನ್ ವಿಷವೇರಿಕೆ. ಅದು ಮೊದಲು ತೋರುವುದೇ ಊಟ ಬೇಡವಾಗುವುದು, ವಾಕರಿಕೆ, ವಾಂತಿಗಳಾಗಿ. ದೀಪದ ಸುತ್ತ ಹಳದಿ–ಹಸಿರು ಬಳೆ ಕಾಣುತ್ತದೆ, ಕಣ್ಣು ಮಂಜಾಗುತ್ತದೆ ಎಂದು ರೋಗಿ ಹೇಳಿದರೆ ಅಂದಿನ ಗುಳಿಗೆಯನ್ನು ತಡೆದು, ನಾಡಿ ನೋಡಿ, ಕೂಡಲೇ ತಿಳಿಸಬೇಕು. ನಾಲ್ಕನೆಯದು ಡಪಾಗ್ಲಿಫ್ಲೋಜಿನ್ ಗುಂಪಿನಿಂದ ಅಪರೂಪಕ್ಕೆ ಬರುವ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಸ್ಥಿತಿ): ಹೊಟ್ಟೆನೋವು, ವಾಂತಿ, ವೇಗವಾದ ಉಸಿರಾಟ ಇದ್ದು ಗ್ಲುಕೋಮೀಟರಿನ ಅಂಕಿ ಮಾತ್ರ ಅಷ್ಟೇನೂ ಹೆಚ್ಚಿರುವುದಿಲ್ಲ. ಶ್ರಾವಣದ ಉಪವಾಸ, ರಂಜಾನಿನ ರೋಜಾ, ವಾಂತಿಭೇದಿ, ಶಸ್ತ್ರಚಿಕಿತ್ಸೆಯ ಮುನ್ನಿನ ಉಪವಾಸಗಳಲ್ಲಿ ಇದರ ಸಂಭವ ಹೆಚ್ಚು. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ಈ ಔಷಧಿಯನ್ನು ನಿಲ್ಲಿಸಿರುತ್ತಾರೆ.

ಇವೆಲ್ಲ ಕೇಳಲು ದೊಡ್ಡ ಕೆಲಸವೆನಿಸಿದರೂ ನಾಡಿ, ಬಿ.ಪಿ., ತೂಕದ ಪಟ್ಟಿ, ನಾಲ್ಕು ಪ್ರಶ್ನೆ, ಅನುಮಾನವಿದ್ದರೆ ಒಂದು ಇ.ಸಿ.ಜಿ., ಇಷ್ಟೇ.

ಆಮ್ಲದ ಔಷಧಿಗಳನ್ನು ಕೊಡುವ ಬಗೆ

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ಗಳು ಆಮ್ಲ ಹೊರಸೂಸುವ ಪಂಪನ್ನೇ ನಿಲ್ಲಿಸುತ್ತವೆ, ಆದರೆ ಕೆಲಸದಲ್ಲಿರುವ ಪಂಪನ್ನು ಮಾತ್ರ. ತಿಂಡಿ ತಿಂದಾಗ ಪಂಪುಗಳು ಚುರುಕಾಗುವುದರಿಂದ ಅದಕ್ಕೆ 30ರಿಂದ 60 ನಿಮಿಷ ಮೊದಲೇ ಔಷಧಿ ರಕ್ತದಲ್ಲಿರಬೇಕು. ಊಟವಾದ ಮೇಲೆ ಎಲ್ಲ ಗುಳಿಗೆಗಳ ಜೊತೆಗೆ ಸೇರಿಸಿ ಕೊಟ್ಟರೆ ಅದರ ಅರ್ಧ ಬಲ ವ್ಯರ್ಥವಾದಂತೆಯೇ. ಹೊರಪದರವಿರುವ ಗುಳಿಗೆಯನ್ನು ಕುಟ್ಟಬಾರದು, ಅಗಿಯಲು ಹೇಳಬಾರದು. ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಇಂಜೆಕ್ಷನ್ ಪುಡಿಯನ್ನು 10 ಮಿ.ಲೀ. ಸಲೈನಿನಲ್ಲಿ ಕರಗಿಸಿ ಕನಿಷ್ಠ ಎರಡು ನಿಮಿಷ ತೆಗೆದುಕೊಂಡು ಕೊಡಬೇಕು, ಮುಂಚೆಯೂ ನಂತರವೂ ಸಲೈನಿನಿಂದ ಕ್ಯಾನುಲಾವನ್ನು ತೊಳೆಯಬೇಕು. ಡೋಬುಟಮಿನ್ ಅಥವಾ ಬೇರೆ ಔಷಧಿ ಹರಿಯುತ್ತಿರುವ ನಳಿಕೆಗೇ ಇದನ್ನು ಸೇರಿಸಬಾರದು. ರೋಗಿ ಬಾಯಿಂದ ಊಟ ಮಾಡುತ್ತಿದ್ದರೆ ಇಂಜೆಕ್ಷನ್ನಿನ ಬದಲು ಗುಳಿಗೆ ಸಾಲದೇ ಎಂದು ರೌಂಡ್ಸಿನಲ್ಲಿ ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ಪ್ಯಾಂಟೊಪ್ರಜೋಲ್ ಎಂದು ನಾವು ಭಾವಿಸುವ ಎಷ್ಟೋ ಗುಳಿಗೆಗಳು ಬರೀ ಪ್ಯಾಂಟೊಪ್ರಜೋಲ್ ಅಲ್ಲ. ಪ್ಯಾನ್-ಡಿ ಮುಂತಾದ ಹೆಸರುಗಳಲ್ಲಿ ಬರುವ ಕ್ಯಾಪ್ಸೂಲ್‌ಗಳಲ್ಲಿ ಡಾಂಪೆರಿಡೋನ್ ಕೂಡ ಇದೆ. ಇದು ವಾಂತಿಯನ್ನು ತಡೆದರೂ ಹೃದಯದ ವಿದ್ಯುತ್ ಚಕ್ರವನ್ನು ನಿಧಾನಗೊಳಿಸಿ, ಇ.ಸಿ.ಜಿ.ಯಲ್ಲಿ ಕ್ಯೂ.ಟಿ. ಅವಧಿಯನ್ನು ಉದ್ದಗೊಳಿಸಿ, ಅಪಾಯಕಾರಿ ತಾಳತಪ್ಪಿಗೆ ದಾರಿ ಮಾಡಬಲ್ಲದು. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಹೃದಯ ವೈಫಲ್ಯದಂಥ ಹೃದ್ರೋಗ ಇರುವವರಿಗೂ, ಪೊಟ್ಯಾಸಿಯಂ–ಮೆಗ್ನೀಸಿಯಂ ಏರುಪೇರಾಗಿರುವವರಿಗೂ ಇದನ್ನು ಕೊಡಬಾರದೆಂದು ನಿರ್ಬಂಧಿಸಿದರು. ನಮ್ಮಲ್ಲಿ ಅದೇ ಕ್ಯಾಪ್ಸೂಲು ಫ್ಯುರೋಸೆಮೈಡ್ ಪಕ್ಕದಲ್ಲೇ ಚಾರ್ಟಿನಲ್ಲಿ ಕುಳಿತಿರುತ್ತದೆ. ಒಂದು ಪೊಟ್ಯಾಸಿಯಂ ಇಳಿಸುತ್ತದೆ, ಇನ್ನೊಂದು ಆ ಇಳಿದ ಪೊಟ್ಯಾಸಿಯಮ್ಮಿನ ಹೃದಯದ ಮೇಲೆ ಕೆಲಸ ಮಾಡುತ್ತದೆ. ಜೊತೆಗೆ ಕೆಮ್ಮಿಗೆಂದು ಕ್ಲಾರಿಥ್ರೋಮೈಸಿನ್ ಅಥವಾ ಶಿಲೀಂಧ್ರಕ್ಕೆಂದು ಫ್ಲುಕೊನಜೋಲ್ ಸೇರಿದರೆ ಡಾಂಪೆರಿಡೋನ್ ಮಟ್ಟ ಇನ್ನೂ ಏರುತ್ತದೆ. ಆದ್ದರಿಂದ ಸ್ಟ್ರಿಪ್ಪಿನ ಮುಂಭಾಗದ ದೊಡ್ಡಕ್ಷರದ ಹೆಸರಿನ ಬದಲು ಹಿಂಭಾಗದ ಸಣ್ಣಕ್ಷರದ ಘಟಕಗಳನ್ನು ಓದಬೇಕು. ‘ಡಿ’ ಅಕ್ಷರ ಕಂಡರೆ, ಬರೀ ಪ್ಯಾಂಟೊಪ್ರಜೋಲ್ ಸಾಕಾಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು. ಈ ಇಡೀ ಬರಹದಲ್ಲಿ ಒಂದನ್ನೇ ನಾಳೆಯಿಂದ ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಹೇಳುತ್ತೇನೆ.

ದೀರ್ಘಕಾಲದ ಆಮ್ಲದ ಗುಳಿಗೆ ಮೆಗ್ನೀಸಿಯಂ ಅನ್ನೂ ಇಳಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌.ಡಿ.ಎ. 2011ರಲ್ಲಿ ಈ ಬಗ್ಗೆ ಎಚ್ಚರಿಸಿತು. ಹೆಚ್ಚಾಗಿ ಒಂದು ವರ್ಷಕ್ಕೂ ಮೀರಿ ನುಂಗಿದವರಲ್ಲಿ ಇದು ಕಾಣುತ್ತದೆ. ಫ್ಯುರೋಸೆಮೈಡ್ ಕೂಡ ಮೆಗ್ನೀಸಿಯಂ ಕಳೆಯುವುದರಿಂದ ಎರಡೂ ಕಡೆಯಿಂದ ಸೋರಿಕೆಯಾಗುತ್ತದೆ, ಮತ್ತು ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಸಿರಪ್ ಕುಡಿಸಿದರೂ ಪೊಟ್ಯಾಸಿಯಂ ಮೇಲೇಳುವುದಿಲ್ಲ. ಡಿಗಾಕ್ಸಿನ್ ಇರುವವರಲ್ಲಿ ಇಷ್ಟೇ ಸಾಕು, ರಕ್ತದ ಮಟ್ಟ ಸರಿಯಿದ್ದಾಗಲೂ ವಿಷದ ಲಕ್ಷಣ ಬರಬಹುದು. ಮೀನಖಂಡ ಹಿಡಿಯುವುದು, ಬೆರಳು ಸೆಟೆಯುವುದು, ತಾಳತಪ್ಪಿದ ನಾಡಿ ಕಂಡರೆ ಮೆಗ್ನೀಸಿಯಂ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಬೇಕು.

ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಬೇಡ, ಏಕೆಂದರೆ ಅವು ಕ್ಲೊಪಿಡೋಗ್ರೆಲ್ ಸಕ್ರಿಯಗೊಳ್ಳುವುದನ್ನು ತಡೆಯುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ. ಔಷಧಾಲಯದಲ್ಲಿ ‘ಅದಿಲ್ಲ, ಇದೂ ಅದೇ’ ಎಂದು ಬದಲಿಸಿ ಕೊಟ್ಟಾಗ ಈ ಒಂದು ಜೋಡಿಯನ್ನು ನೆನಪಿಡಿ. ಇಲ್ಲಿ ಇನ್ನೊಂದು ಮುಖವನ್ನೂ ಹೇಳಬೇಕು. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಎರಡನ್ನೂ ನುಂಗುವ ರೋಗಿಯ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲೆಂದೇ ಪ್ಯಾಂಟೊಪ್ರಜೋಲ್ ಬರೆದಿರಬಹುದು. ಅಂಥವರಿಗೆ ಎದೆಯುರಿ ಇಲ್ಲವೆಂದು ಅದನ್ನು ಬಿಡಿಸುವುದು ಅಪಾಯ. ಗುಳಿಗೆ ಏಕೆ ಇದೆ ಎಂಬ ಕಾರಣವನ್ನು ಕೇಳಿ ಚಾರ್ಟಿನಲ್ಲಿ ಬರೆಸಿಕೊಳ್ಳುವುದು ಇದಕ್ಕೇ.

ರಾನಿಟಿಡಿನ್ ಕುರಿತು ಹೆಚ್ಚು ಹೇಳುವ ಅಗತ್ಯವಿಲ್ಲ. ಕಲ್ಮಶದ ಕಾರಣ ಅಮೆರಿಕದಲ್ಲಿ 2020ರಲ್ಲಿ ಹಿಂತೆಗೆಯಲಾಯಿತು, ಭಾರತದ ಅಗತ್ಯ ಔಷಧಿಗಳ 2022ರ ರಾಷ್ಟ್ರೀಯ ಪಟ್ಟಿಯಿಂದಲೂ ಕೈಬಿಡಲಾಯಿತು. ಅದರ ಗುಂಪಿನ ಫ್ಯಾಮೊಟಿಡಿನ್ ಕೊಡುವಾಗ ಕ್ರಿಯಾಟಿನಿನ್ ನೋಡಿ. ಮೂತ್ರಪಿಂಡ ಸೋತ ವೃದ್ಧರಲ್ಲಿ ಅದು ಗೊಂದಲ, ಬಡಬಡಿಕೆ ತರಬಹುದು.

ಆಂಟಾಸಿಡ್ ದ್ರವ ಮತ್ತು ಹೊಟ್ಟೆಯ ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್ ಬೇರೆ ಔಷಧಿಗಳನ್ನು, ಮುಖ್ಯವಾಗಿ ಡಿಗಾಕ್ಸಿನನ್ನು, ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ; ನಡುವೆ ಎರಡು ಗಂಟೆ ಬಿಡಬೇಕು. ಅದಕ್ಕಿಂತ ದೊಡ್ಡ ತೊಂದರೆ ಸೋಡಿಯಂ. ನೀರಿಗೆ ಹಾಕಿದರೆ ಬುರುಗೇಳುವ ಈನೋದಂಥ 5 ಗ್ರಾಂ ಪುಡಿಯ ಒಂದು ಪೊಟ್ಟಣದಲ್ಲಿ 800 ಮಿ.ಗ್ರಾಂ.ಗೂ ಹೆಚ್ಚು ಸೋಡಿಯಂ ಇದೆ. ಅಡುಗೆ ಸೋಡಾ ಒಂದು ಗ್ರಾಮಿಗೆ ಸುಮಾರು 270 ಮಿ.ಗ್ರಾಂ. ದಿನಕ್ಕೆ 5 ಗ್ರಾಂ ಉಪ್ಪು, ಎಂದರೆ ಸುಮಾರು 2 ಗ್ರಾಂ ಸೋಡಿಯಂ ಮಿತಿಯಲ್ಲಿರಬೇಕಾದ ರೋಗಿ ಎರಡು ಪೊಟ್ಟಣ ಕುಡಿದರೆ ಉಪ್ಪಿನಕಾಯಿ, ಹಪ್ಪಳ ಬಿಟ್ಟದ್ದೆಲ್ಲ ನೀರಿನಲ್ಲಿ ಹೋಮ. ರೋಗಿಯ ದಿಂಬಿನ ಕೆಳಗೆ ಈ ಪೊಟ್ಟಣ ಸಿಕ್ಕರೆ ಗದರಬೇಡಿ. ಎಷ್ಟು ಕುಡಿದಿದ್ದಾರೆ ಎಂದು ಕೇಳಿ, ಬರೆದುಕೊಂಡು, ಬದಲಿಗೆ ಏನು ಕೊಡಬಹುದೆಂದು ವೈದ್ಯರನ್ನು ಕೇಳಿ.

ಎರಡೂ ಕಾಯಿಲೆಗಳನ್ನು ಒಟ್ಟಿಗೆ ಕೆಡಿಸುವ ಔಷಧಿಯೆಂದರೆ ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್‌ಗಳು ಉಪ್ಪನ್ನೂ ನೀರನ್ನೂ ಮೈಯಲ್ಲಿ ನಿಲ್ಲಿಸಿ, ಫ್ಯುರೋಸೆಮೈಡಿನ ಬಲವನ್ನು ಕುಗ್ಗಿಸಿ, ಮೂತ್ರಪಿಂಡವನ್ನು ಬಳಲಿಸಿ, ಹೊಟ್ಟೆಯ ಒಳಪದರವನ್ನೂ ಸುಡುತ್ತವೆ. ಹತ್ತಿ ಬಿಡಿಸಿ, ಭತ್ತ ನಾಟಿ ಮಾಡಿ ಸೊಂಟ ಹಿಡಿದವರು ಕಿರಾಣಿ ಅಂಗಡಿಯಲ್ಲೋ, ಪೊಟ್ಟಣ ಕಟ್ಟಿ ಕೊಡುವವರ ಹತ್ತಿರವೋ ಇವನ್ನು ತಂದು ನುಂಗುತ್ತಾರೆ, ಎದೆ ಉರಿದಾಗ ಗ್ಯಾಸ್ ಗುಳಿಗೆ ಸೇರಿಸುತ್ತಾರೆ, ವಾರದಲ್ಲಿ ದಮ್ಮು ಹತ್ತಿ ದಾಖಲಾಗುತ್ತಾರೆ. ‘ನೋವಿನ ಗುಳಿಗೆ’ ಎಂದು ಕೇಳಿದರೆ ಇಲ್ಲ ಎನ್ನುವವರು ‘ಮೈಕೈ ನೋವಿಗೆ ಏನು ತಗೋತೀರಿ?’ ಎಂದರೆ ಹೇಳುತ್ತಾರೆ.

ದಿನದ ಹೊತ್ತು

ಬೆಳಿಗ್ಗೆ ಆರೂವರೆಗೆ ತೂಕ. ಆ ಮೇಲೆ ಖಾಲಿ ಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್ ಮತ್ತು ನೀರಿನ ಗುಳಿಗೆ. ಸುಮಾರು ಮುಕ್ಕಾಲು ಗಂಟೆಯ ನಂತರ ತಿಂಡಿ, ಅದರ ಜೊತೆ ಕಾರ್ವೆಡಿಲಾಲ್ ಮತ್ತು ಉಳಿದ ಬೆಳಗಿನ ಗುಳಿಗೆಗಳು. ಪೊಟ್ಯಾಸಿಯಂ ಸಿರಪ್ ಇದ್ದರೆ ನೀರಿನಲ್ಲಿ ಬೆರೆಸಿ ತಿಂಡಿಯ ನಂತರ. ಹಾಗೆಯೇ ಕುಡಿಸಿದರೆ ಅನ್ನನಾಳ ಸುಟ್ಟು ಹೊಸ ಎದೆಯುರಿಯೇ ಶುರುವಾಗುತ್ತದೆ. ಡಿಗಾಕ್ಸಿನನ್ನು ಆಂಟಾಸಿಡ್‌ನಿಂದ ದೂರವಿಟ್ಟು ನಿಗದಿತ ಒಂದೇ ಹೊತ್ತಿಗೆ. ನೀರಿನ ಗುಳಿಗೆಯ ಎರಡನೇ ಸರದಿ ಇದ್ದರೆ ಮಧ್ಯಾಹ್ನ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಇಲ್ಲವಾದರೆ ವಯಸ್ಸಾದವರು ರಾತ್ರಿ ಎದ್ದು ಕತ್ತಲಲ್ಲಿ ಬಿದ್ದು ತೊಡೆ ಮೂಳೆ ಮುರಿದುಕೊಳ್ಳುತ್ತಾರೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆಗಳಿರುವುದು ಒಳ್ಳೆಯದು. ವಾರ್ಡಿನಲ್ಲಿ ಇದು ಸಾಧ್ಯ, ಹೊಲದಿಂದ ಎಂಟಕ್ಕೆ ಬಂದು ಒಂಬತ್ತಕ್ಕೆ ಮಲಗುವವರ ಮನೆಯಲ್ಲಿ ಕಷ್ಟ, ಆದ್ದರಿಂದ ಅಂಥವರಿಗೆ ರಾತ್ರಿ ಊಟವನ್ನಾದರೂ ಅರ್ಧಕ್ಕೆ ಇಳಿಸಲು ಹೇಳಬೇಕು.

ರಾತ್ರಿಯ ಕೆಮ್ಮು

ಈ ರೋಗಿಗಳಲ್ಲಿ ರಾತ್ರಿ ಕೆಮ್ಮಿಗೆ ಮೂರು ಮೂಲಗಳಿರಬಹುದು. ಮಲಗಿ ಒಂದೆರಡು ಗಂಟೆಯ ನಂತರ ಉಸಿರುಗಟ್ಟಿ ಎಬ್ಬಿಸಿ, ಎದ್ದು ಕಾಲು ಇಳಿಬಿಟ್ಟು ಕುಳಿತಾಗ ಹದಕ್ಕೆ ಬರುವುದು ಹೃದಯದ ಕೆಮ್ಮು. ಗುಲಾಬಿ ನೊರೆ ಬಂದರೆ ಒಂದು ಕ್ಷಣವೂ ಕಾಯುವಂತಿಲ್ಲ. ಊಟ ಮಾಡಿ ಮಲಗಿದ ಸ್ವಲ್ಪ ಹೊತ್ತಿಗೆ, ಬಾಯಿಗೆ ಹುಳಿನೀರು ಬಂದು ಕೆಮ್ಮಾದರೆ ಆಮ್ಲದ್ದು. ಹಗಲು–ರಾತ್ರಿ ಎನ್ನದೆ, ಕುಳಿತರೂ ಮಲಗಿದರೂ ಗಂಟಲಲ್ಲಿ ಕಚಗುಳಿಯಿಟ್ಟಂತೆ ಬರುವ ಒಣಕೆಮ್ಮು ರಾಮಿಪ್ರಿಲ್ ಗುಂಪಿನದು; ಔಷಧಿ ಬದಲಿಸಿದರೆ ಒಂದರಿಂದ ನಾಲ್ಕು ವಾರಗಳಲ್ಲಿ ನಿಲ್ಲುತ್ತದೆ. ಇದಕ್ಕೆ ಕೆಮ್ಮಿನ ಸಿರಪ್ಪೂ ಬೇಡ, ಆಮ್ಲದ ಗುಳಿಗೆಯ ಪ್ರಮಾಣ ಹೆಚ್ಚಿಸುವುದೂ ಬೇಡ. ಕೆಮ್ಮು ಯಾವ ಹೊತ್ತಿಗೆ, ಯಾವ ಭಂಗಿಯಲ್ಲಿ ಬಂತು ಎಂದು ರಾತ್ರಿ ಪಾಳಿಯವರು ಒಂದು ಸಾಲು ಬರೆದಿಟ್ಟರೆ ಬೆಳಗಿನ ರೌಂಡ್ಸಿನಲ್ಲಿ ಅರ್ಧ ಗೊಂದಲ ತೀರುತ್ತದೆ.

ಆಮ್ಲ ಮೇಲೆ ಬರದಿರಲು ಎಡಮಗ್ಗುಲಲ್ಲಿ ಮಲಗಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ಹೃದಯ ಹಿಗ್ಗಿದ ಅನೇಕರಿಗೆ ಎಡಮಗ್ಗುಲಾದರೆ ಉಸಿರಾಟ ಕಷ್ಟವಾಗುತ್ತದೆ, ತಾವಾಗಿಯೇ ಬಲಕ್ಕೆ ಹೊರಳುತ್ತಾರೆ, ಅವರನ್ನು ಒತ್ತಾಯಿಸಬಾರದು. ತಲೆಯ ಕಡೆಯನ್ನು ಎತ್ತರಿಸುವುದು ಎರಡೂ ಕಾಯಿಲೆಗಳಿಗೆ ಒಪ್ಪುತ್ತದೆ. ದಿಂಬು ಪೇರಿಸಿದರೆ ಕುತ್ತಿಗೆ ಮಡಚಿ ಹೊಟ್ಟೆ ಒತ್ತುತ್ತದೆ. ಮನೆಯಲ್ಲಿ ಹೊರಸಿನ ತಲೆದಿಕ್ಕಿನ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಆರರಿಂದ ಎಂಟು ಇಂಚು ಏರಿಸಿ, ಅಲ್ಲಾಡದಂತೆ ಪರೀಕ್ಷಿಸಲು ಹೇಳಬೇಕು.

ಬಿಡುಗಡೆಯ ದಿನ

ನಮ್ಮ ಬೇಸಿಗೆಗೆ ಬೇರೆಯೇ ಮಾತು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಕಡೆ ತಾಪಮಾನ 40 ಡಿಗ್ರಿ ದಾಟಿದಾಗ, ಚಳಿಗಾಲದಲ್ಲಿ ಹೊಂದಿಸಿದ ನೀರಿನ ಗುಳಿಗೆಯ ಪ್ರಮಾಣವೇ ರೋಗಿಯನ್ನು ಒಣಗಿಸಬಹುದು. ತೂಕ ದಿನೇದಿನೇ ಇಳಿಯುವುದು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಮೂತ್ರ ಕಡಿಮೆಯಾಗುವುದು ಕಂಡರೆ, ಅಥವಾ ವಾಂತಿಭೇದಿ ಹತ್ತಿದರೆ, ಗುಳಿಗೆ ಮುಂದುವರಿಸುವ ಮುನ್ನ ಫೋನ್ ಮಾಡಿ ಕೇಳಬೇಕೆಂದು ತಿಳಿಸಿ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಇರುವವರು ದಿನವೂ ಎಳನೀರು ಕುಡಿಯುವುದು, ‘ಸೋಡಿಯಂ ಕಡಿಮೆ’ ಎಂದು ಮಾರುವ ಪೊಟ್ಯಾಸಿಯಂ ಉಪ್ಪು ಬಳಸುವುದು ಬೇಡ.

ನೀರಿನ ಗುಳಿಗೆ ತಪ್ಪುವುದು ಮರೆವಿನಿಂದಲ್ಲ. ‘ಸಿಂಧನೂರಿಂದ ಬಸ್ಸಿನಾಗ ಬರೂದಿತ್ರಿ ಸಿಸ್ಟರ್, ನಡುವ ಎಲ್ಲಿ ಇಳೀಲಿ? ಅದಕ್ಕ ನುಂಗಲಿಲ್ಲ’ ಎಂದು ಹೇಳುವ ಅಮ್ಮನಿಗೆ ಗುಳಿಗೆಯ ಮಹತ್ವದ ಭಾಷಣ ಬೇಕಿಲ್ಲ. ಪ್ರಯಾಣದ ದಿನ ಊರು ತಲುಪಿದ ಮೇಲೆ, ಸಂಜೆ ನಾಲ್ಕರೊಳಗೆ ನುಂಗಬಹುದೇ ಎಂದು ವೈದ್ಯರಿಂದ ಒಪ್ಪಿಗೆ ಪಡೆದು ಚೀಟಿಯಲ್ಲೇ ಬರೆಸಿಕೊಡಿ. ಹೊಲದಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೂ ಇದೇ ರೀತಿ ಹೊತ್ತು ಹೊಂದಿಸಬೇಕಾಗುತ್ತದೆ.

ಕೊನೆಗೆ ಮನೆಯಿಂದ ತಂದ ಕೈಚೀಲವನ್ನು ಮಂಚದ ಮೇಲೆ ಸುರಿದು ಎಲ್ಲ ಸ್ಟ್ರಿಪ್ಪುಗಳನ್ನೂ ಬಿಡಿಸಿ ನೋಡಬೇಕು. ಎರಡು ಬೇರೆ ಹೆಸರಿನ ಪ್ಯಾಂಟೊಪ್ರಜೋಲ್, ಹಳೆಯ ರಾಮಿಪ್ರಿಲ್ ಜೊತೆಗೆ ಹೊಸ ಸಕ್ಯುಬಿಟ್ರಿಲ್, ಅರ್ಧ ಖಾಲಿಯಾದ ಡೈಕ್ಲೊಫೆನಾಕ್ ಇವೆಲ್ಲ ಅಲ್ಲಿಯೇ ಸಿಗುತ್ತವೆ. ಬೇಡವಾದದ್ದನ್ನು ಮನೆಯವರ ಒಪ್ಪಿಗೆಯಿಂದ ಬೇರೆ ತೆಗೆದಿಟ್ಟು, ಉಳಿದವುಗಳ ಮೇಲೆ ಓದಲು ಬಾರದವರಿಗೂ ತಿಳಿಯುವಂತೆ ಸೂರ್ಯ, ಚಂದ್ರ, ತಟ್ಟೆಯ ಗುರುತು ಹಾಕಿ. ಆಮ್ಲದ ಗುಳಿಗೆಗೆ ಖಾಲಿ ತಟ್ಟೆ, ಕಾರ್ವೆಡಿಲಾಲಿಗೆ ತುಂಬಿದ ತಟ್ಟೆ. ಆಮ್ಲದ ಗುಳಿಗೆಯನ್ನು ಎಷ್ಟು ವಾರ ಎಂದು ಬಿಡುಗಡೆ ಪತ್ರದಲ್ಲಿ ಬರೆದಿಲ್ಲವಾದರೆ ಸಹಿ ಆಗುವ ಮೊದಲೇ ಕೇಳಿ ಬರೆಸಿ. ತೂಕ ಮೂರು ದಿನಕ್ಕೆ 2 ಕೆ.ಜಿ. ಏರಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ, ಬೆವರಿನೊಂದಿಗೆ ಎದೆನೋವು ಅಥವಾ ಮಲಗಲಾರದಂಥ ದಮ್ಮು ಬಂದರೆ ಗ್ಯಾಸ್ ಗುಳಿಗೆ ನುಂಗಿ ಕಾಯದೆ 108ಕ್ಕೆ ಕರೆ ಮಾಡಬೇಕು ಎಂಬುದನ್ನೂ ಮನೆಯಲ್ಲಿ ಫೋನ್ ಬಳಸುವ ಒಬ್ಬರಿಂದ ಬಾಯಿಬಿಟ್ಟು ಹೇಳಿಸಿ, ಹೇಳಿದವರ ಹೆಸರನ್ನು ಕೇಸ್ ಶೀಟಿನಲ್ಲಿ ನಮೂದಿಸಿ.